ಗೆಲ್ಲುವ ಕಾರು, ಗೆಲ್ಲಿಸುವ ಕೈಗಳು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಇಂಜಿನಿಯರು, ಮಕ್ಕಳಿಗೆ ಸ್ಫೂರ್ತಿಯಾಗುವಂಥ ನಾಲ್ಕು ಮಾತು ಆಡಬೇಕು" ಎಂದಾಗ ನನಗೆ ನಿಜಕ್ಕೂ ಭಯವಾಯಿತು. ಸ್ಫೂರ್ತಿ ಕೊಡುವಷ್ಟು ದೊಡ್ಡದೇನನ್ನೂ ನಾನು ಮಾಡಿಲ್ಲ. 2005ರಲ್ಲಿ ಇಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದೆ, ಪಿ.ಯು.ಸಿ. ಓದಿದೆ, ಬಿ.ಇ. ಮಾಡಿದೆ, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುತ್ತೇನೆ. ನನ್ನಂಥವರು ಆ ಊರಿನಲ್ಲಿ ಬೀದಿಗೆ ನೂರು ಜನ ಸಿಗುತ್ತಾರೆ. ಅದಕ್ಕೇ ಇವತ್ತು ನನ್ನ ಸಾಧನೆಯನ್ನು ಬಿಟ್ಟು ಇಬ್ಬರು ದೊಡ್ಡವರ ಬಗ್ಗೆ ಹೇಳುತ್ತೇನೆ. ಒಬ್ಬರು ರೇಸ್ ಕಾರಿನ ಇಂಜಿನಿಯರು, ಇಂಗ್ಲೆಂಡಿನವರು. ಇನ್ನೊಬ್ಬರು ಅಮೆರಿಕದ ಒಬ್ಬ ಬಾಸ್ಕೆಟ್‌ಬಾಲ್ ಮೇಷ್ಟ್ರು. ಆಮೇಲೆ ನಾನು ಮಾಡಿದ ಒಂದು ತಪ್ಪಿನ ಬಗ್ಗೆಯೂ ಹೇಳಬೇಕಾಗಿದೆ. ಆ ತಪ್ಪು ನಡೆದದ್ದು ನಾನು ಈ ಶಾಲೆಯಲ್ಲಿದ್ದಾಗ. ಅದನ್ನು ಹೇಳುವುದಕ್ಕೇ ನಾನು ಈ ಭಾಷಣಕ್ಕೆ ಒಪ್ಪಿಕೊಂಡೆ ಎಂದರೂ ಸರಿ.

ಮೊದಲು ಆ ಇಂಜಿನಿಯರ ಕತೆ. ಅವರ ಹೆಸರು ರಾಸ್ ಬ್ರಾನ್. ಹುಟ್ಟಿದ್ದು 1954ರಲ್ಲಿ. ಫಾರ್ಮುಲಾ ಒನ್ ಎಂಬ ಕಾರ್ ರೇಸಿನ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. 2011ರಿಂದ 2013ರವರೆಗೆ ಮೂರು ವರ್ಷ ದೆಹಲಿ ಹತ್ತಿರದ ಗ್ರೇಟರ್ ನೋಯ್ಡಾದಲ್ಲೂ ಆ ರೇಸ್ ನಡೆದಿತ್ತು. ಒಂದೇ ಸೀಟಿನ ಕಾರು, ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚು ವೇಗ. ಆ ರೇಸಿನಲ್ಲಿ ಅತಿ ಹೆಚ್ಚು ಗೆದ್ದ ತಂಡಗಳನ್ನು ಕಟ್ಟಿದವರಲ್ಲಿ ಬ್ರಾನ್ ಒಬ್ಬರು.

ಇಷ್ಟು ಕೇಳಿದರೆ, ದೊಡ್ಡ ವಿಶ್ವವಿದ್ಯಾಲಯದಲ್ಲಿ ಚಿನ್ನದ ಪದಕ ತೆಗೆದುಕೊಂಡು ಬಂದವರು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಬ್ರಾನ್ ಶಾಲೆ ಮುಗಿಸಿದ ಮೇಲೆ ಹಾರ್‌ವೆಲ್ ಎಂಬಲ್ಲಿನ ಸರ್ಕಾರಿ ಅಣುಶಕ್ತಿ ಸಂಶೋಧನಾ ಕೇಂದ್ರದಲ್ಲಿ ಅಪ್ರೆಂಟಿಸ್ ಆಗಿ ಸೇರಿದರು. ನಮ್ಮ ಕಡೆ ಐ.ಟಿ.ಐ. ಹುಡುಗರು ಅಪ್ರೆಂಟಿಸ್ ಆಗಿ ಸೇರುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆಯೇ. 1976ರಲ್ಲಿ ಮಾರ್ಚ್ ಎಂಬ ರೇಸ್ ಕಾರ್ ಕಂಪನಿಗೆ ಸೇರಿದರು. ಅಲ್ಲಿ ಅವರ ಕೆಲಸ ಮಿಲ್ಲಿಂಗ್ ಮಷೀನ್ ನಡೆಸುವುದು, ಅಂದರೆ ಲೋಹ ಕಡೆದು ಕಾರಿನ ಭಾಗಗಳನ್ನು ಮಾಡುವುದು. ಸ್ವಲ್ಪ ಕಾಲ ರೇಸ್ ಮೆಕ್ಯಾನಿಕ್ ಆಗಿಯೂ ದುಡಿದರು. 1978ರಲ್ಲಿ ಆಗಷ್ಟೇ ಶುರುವಾಗಿದ್ದ ವಿಲಿಯಮ್ಸ್ ತಂಡಕ್ಕೆ ಮಷಿನಿಸ್ಟ್ ಆಗಿ ಹೋದರು. ಅಲ್ಲಿ ಕೆಲಸ ಮಾಡುತ್ತಾ ಕಲಿಯುತ್ತಾ ವಿಂಡ್ ಟನಲ್ ವಿಭಾಗಕ್ಕೆ ಬಂದರು. ಕಾರಿನ ಮೇಲೆ ಗಾಳಿ ಹೇಗೆ ಹರಿಯುತ್ತದೆ ಎಂದು ಪರೀಕ್ಷೆ ಮಾಡುವ ಜಾಗ ಅದು. ಕೊನೆಗೆ ಕಾರಿನ ವಿನ್ಯಾಸ ಮಾಡುವವರಾದರು. 1991ರಲ್ಲಿ ಅವರು ರೂಪಿಸಿದ ಜಾಗ್ವಾರ್ ಸ್ಪೋರ್ಟ್ಸ್ ಕಾರು ವಿಶ್ವ ಚಾಂಪಿಯನ್ ಆಯಿತು. ಅದೇ ವರ್ಷ ಬೆನೆಟನ್ ಎಂಬ ಫಾರ್ಮುಲಾ ಒನ್ ತಂಡಕ್ಕೆ ತಾಂತ್ರಿಕ ಮುಖ್ಯಸ್ಥರಾಗಿ ಬಂದರು. ಅಲ್ಲಿ ಮೈಕೆಲ್ ಶುಮಾಕರ್ ಎಂಬ ಜರ್ಮನಿಯ ಯುವಕ 1994 ಮತ್ತು 1995ರಲ್ಲಿ ಚಾಂಪಿಯನ್ ಆದ.

ಲೇತ್ ಮುಂದೆ ನಿಂತು ಕೈ ಮಸಿ ಮಾಡಿಕೊಂಡವನು ಮುಂದೆ ನೂರಾರು ಇಂಜಿನಿಯರುಗಳ ಮುಖ್ಯಸ್ಥನಾದ ಎಂಬುದನ್ನು ಮಕ್ಕಳು ನೆನಪಿಟ್ಟುಕೊಳ್ಳಬೇಕು. ಹತ್ತನೇ ತರಗತಿಯ ಅಂಕಪಟ್ಟಿ ನೋಡಿ "ಇವನು ಇಷ್ಟೇ" ಎಂದು ತೀರ್ಪು ಕೊಡುವ ನಮ್ಮಂಥ ದೊಡ್ಡವರು ಇನ್ನೂ ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು.

1996ರ ಕೊನೆಗೆ ಬ್ರಾನ್ ಇಟಲಿಯ ಫೆರಾರಿ ತಂಡಕ್ಕೆ ಹೋದರು. ಫೆರಾರಿ ಎಂದರೆ ಆ ರೇಸಿನ ದೊಡ್ಡ ಮನೆತನ ಇದ್ದ ಹಾಗೆ. ಹೆಸರು ದೊಡ್ಡದು, ಆದರೆ 1979ರ ನಂತರ ಅವರ ಒಬ್ಬ ಚಾಲಕನೂ ಚಾಂಪಿಯನ್ ಆಗಿರಲಿಲ್ಲ. ತಂಡದ ಯಜಮಾನ ಜಾನ್ ಟಾಡ್ ಫ್ರಾನ್ಸಿನವರು. ಮುಖ್ಯ ವಿನ್ಯಾಸಕ ರೋರಿ ಬರ್ನ್ ದಕ್ಷಿಣ ಆಫ್ರಿಕಾದವರು. ಚಾಲಕ ಶುಮಾಕರ್ ಜರ್ಮನಿಯವನು. ಬ್ರಾನ್ ಇಂಗ್ಲೆಂಡಿನವರು. ಕಾರ್ಖಾನೆಯ ಕೆಲಸಗಾರರು ಇಟಲಿಯವರು. ಭಾಷೆ ಬೇರೆ, ಊಟ ಬೇರೆ, ಸ್ವಭಾವ ಬೇರೆ. ಇಂಥವರು ಒಟ್ಟಾಗಿ ಒಂದು ಕಾರು ಕಟ್ಟಬೇಕು.

ಬಂದ ತಕ್ಷಣ ಗೆದ್ದರೇ? ಇಲ್ಲ. 1997ರಲ್ಲಿ ಕೊನೆಯ ರೇಸಿನಲ್ಲಿ ಸೋತರು. 1998ರಲ್ಲೂ ಕೊನೆಯ ರೇಸಿನಲ್ಲಿ ಸೋತರು. 1999ರಲ್ಲಿ ಶುಮಾಕರ್ ಅಪಘಾತದಲ್ಲಿ ಕಾಲು ಮುರಿದುಕೊಂಡ. ಅವನ ಜೊತೆಗಾರ ಎಡ್ಡಿ ಇರ್ವಿನ್ ಚಾಂಪಿಯನ್ ಆಗುವ ಹಾದಿಯಲ್ಲಿದ್ದ.

ಆ ವರ್ಷ ಜರ್ಮನಿಯ ನೂರ್ಬರ್ಗ್‌ರಿಂಗ್‌ನಲ್ಲಿ ನಡೆದ ರೇಸಿನ ಕತೆ ಕೇಳಿ. ಮಳೆ ಬಂದು ಬಂದು ಹೋಗುತ್ತಿತ್ತು. ರೇಸಿನ ನಡುವೆ ಕಾರು ಟೈರ್ ಬದಲಾಯಿಸಲು ಪಿಟ್‌ಗೆ ಬರುತ್ತದೆ. ಅದನ್ನು ಪಿಟ್ ಸ್ಟಾಪ್ ಎನ್ನುತ್ತಾರೆ. ಒಂದೊಂದು ಚಕ್ರಕ್ಕೆ ಮೂರು ಜನ ಇರುತ್ತಾರೆ. ಒಬ್ಬ ಗನ್ ಹಿಡಿದು ನಟ್ ಬಿಚ್ಚುತ್ತಾನೆ, ಒಬ್ಬ ಹಳೆಯ ಚಕ್ರ ತೆಗೆಯುತ್ತಾನೆ, ಇನ್ನೊಬ್ಬ ಹೊಸದನ್ನು ಹಾಕುತ್ತಾನೆ. ಮುಂದೊಬ್ಬ, ಹಿಂದೊಬ್ಬ ಜಾಕ್ ಎತ್ತುತ್ತಾರೆ. ಎಲ್ಲ ಸೇರಿ ಇಪ್ಪತ್ತರಷ್ಟು ಜನ. ಆಗ ಪೆಟ್ರೋಲನ್ನೂ ತುಂಬಿಸುತ್ತಿದ್ದರಿಂದ ಎಂಟೋ ಹತ್ತೋ ಸೆಕೆಂಡು ಬೇಕಾಗುತ್ತಿತ್ತು. ಈಗ ಟೈರ್ ಮಾತ್ರ. 2023ರಲ್ಲಿ ಕತಾರ್ ರೇಸಿನಲ್ಲಿ ಮೆಕ್‌ಲಾರೆನ್ ತಂಡ 1.80 ಸೆಕೆಂಡಿನಲ್ಲಿ ನಾಲ್ಕೂ ಚಕ್ರ ಬದಲಾಯಿಸಿತು. ನಾವು ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ಹುಡುಕುವಷ್ಟರಲ್ಲಿ ಅವರು ಹೊರಟೇ ಹೋಗಿರುತ್ತಾರೆ.

ಅವತ್ತು ಇರ್ವಿನ್ ಕಾರು ಬಂದು ನಿಂತಿತು. ಜನ ಇದ್ದಾರೆ, ಗನ್ ಇದೆ, ಜಾಕ್ ಇದೆ. ಆದರೆ ಟೈರ್ ಮೂರೇ ಇವೆ! ನಾಲ್ಕನೆಯದು ಇಲ್ಲ. ಹುಡುಕಿ ತಂದು ಹಾಕುವಷ್ಟರಲ್ಲಿ ಅರ್ಧ ನಿಮಿಷದ ಹತ್ತಿರ ಹೋಯಿತು. ಜಗತ್ತೆಲ್ಲ ಟಿ.ವಿ.ಯಲ್ಲಿ ನೋಡುತ್ತಿತ್ತು. ಇರ್ವಿನ್‌ಗೆ ಆ ರೇಸಿನಲ್ಲಿ ಒಂದು ಅಂಕವೂ ಬರಲಿಲ್ಲ. ವರ್ಷದ ಕೊನೆಗೆ ಮಿಕಾ ಹಕ್ಕಿನೆನ್ 76 ಅಂಕ, ಇರ್ವಿನ್ 74. ಎರಡೇ ಅಂಕದಿಂದ ಚಾಂಪಿಯನ್ ಪಟ್ಟ ತಪ್ಪಿತು. ಆ ಒಂದು ಟೈರ್ ಇದ್ದಿದ್ದರೆ ಗೆಲ್ಲುತ್ತಿದ್ದನೇ ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಆ ಮೂರು ಟೈರಿನ ಚಿತ್ರ ಎಲ್ಲರ ಮನಸ್ಸಿನಲ್ಲೂ ಉಳಿಯಿತು.

ಮೂರು ವರ್ಷ ಕೊನೆಯ ಮೆಟ್ಟಿಲಿನಲ್ಲಿ ಜಾರಿದ ತಂಡ ನಮ್ಮದಾಗಿದ್ದರೆ ಏನು ಮಾಡುತ್ತಿದ್ದೆವು? "ಇವನನ್ನು ತೆಗೆಯಿರಿ, ಅವನನ್ನು ಓಡಿಸಿ" ಎನ್ನುತ್ತಿದ್ದೆವು. ಫೆರಾರಿಯಲ್ಲಿ ಟಾಡ್, ಬ್ರಾನ್, ಬರ್ನ್, ಶುಮಾಕರ್ ನಾಲ್ವರೂ ಉಳಿದರು. ಜೊತೆಗೇ ಸೋತವರು ಜೊತೆಗೇ ಕಲಿತರು. 2000ನೇ ಇಸವಿಯಲ್ಲಿ ಶುಮಾಕರ್ ಚಾಂಪಿಯನ್ ಆದ. 21 ವರ್ಷದ ಬರ ತೀರಿತು. ಅಲ್ಲಿಂದ 2004ರವರೆಗೆ ಸತತ ಐದು ವರ್ಷ ಅವನೇ ಚಾಂಪಿಯನ್. ತಂಡದ ಪ್ರಶಸ್ತಿ 1999ರಿಂದ 2004ರವರೆಗೆ ಸತತ ಆರು ವರ್ಷ ಫೆರಾರಿಗೆ.

ಅವರ ನಂಬಿಕೆ ಎಂಥದ್ದು ಎನ್ನುವುದಕ್ಕೆ ಒಂದು ಉದಾಹರಣೆ. 1998ರ ಆಗಸ್ಟಿನಲ್ಲಿ ಹಂಗೇರಿಯ ರೇಸ್. ಮುಂದಿನ ಕಾರನ್ನು ಹಿಂದಿಕ್ಕುವುದು ಬಹಳ ಕಷ್ಟವಾದ ರಸ್ತೆ ಅದು. ಮೆಕ್‌ಲಾರೆನ್ ಕಾರುಗಳು ಮುಂದಿದ್ದವು, ಎರಡು ಸಲ ಪಿಟ್‌ಗೆ ಬರುವ ಲೆಕ್ಕ ಹಾಕಿದ್ದವು. ಬ್ರಾನ್ ರೇಸಿನ ನಡುವೆಯೇ ಲೆಕ್ಕ ಬದಲಿಸಿ, ಶುಮಾಕರ್ ಮೂರು ಸಲ ಬರಲಿ ಎಂದರು. ಕಡಿಮೆ ಪೆಟ್ರೋಲು, ಹಗುರ ಕಾರು, ಹೆಚ್ಚು ವೇಗ. ಆದರೆ ಒಂದು ಷರತ್ತು. 19 ಸುತ್ತಿನೊಳಗೆ 25 ಸೆಕೆಂಡು ಮುಂದೆ ಹೋಗಬೇಕು. ಅದನ್ನು ರೇಡಿಯೋದಲ್ಲಿ ಅವನಿಗೆ ಹೇಳಿದರು. ಅವನು ನಡುವೆ ಒಮ್ಮೆ ರಸ್ತೆ ಬಿಟ್ಟು ಹುಲ್ಲಿಗೆ ಜಾರಿದರೂ ಸಾವರಿಸಿಕೊಂಡು ಆ ಲೆಕ್ಕ ತೀರಿಸಿ ಗೆದ್ದ. ಲೆಕ್ಕ ಹಾಕಿದವರು ಗೋಡೆ ಪಕ್ಕ ಕೂತಿದ್ದವರು, ಓಡಿಸಿದವನು ಸ್ಟೀರಿಂಗ್ ಹಿಡಿದವನು. ಇವರ ಲೆಕ್ಕದ ಮೇಲೆ ಅವನಿಗೆ, ಅವನ ಕೈ ಮೇಲೆ ಇವರಿಗೆ ಅನುಮಾನ ಇದ್ದಿದ್ದರೆ ಆ ಗೆಲುವು ಸಾಧ್ಯವಿರಲಿಲ್ಲ.

ನನಗೆ ಈ ಬ್ರಾನ್ ಪರಿಚಯವಾದದ್ದು 2009ರಲ್ಲಿ. ಆಗ ನಾನು ಬಿ.ಇ. ಓದುತ್ತಿದ್ದೆ. ಹಾಸ್ಟೆಲಿನಲ್ಲಿ ಒಂದೇ ಟಿ.ವಿ. ಮಾರ್ಚ್ 29, ಭಾನುವಾರ. ಕ್ರಿಕೆಟ್ ಹಾಕಿ ಎಂದು ನಾವೊಂದಷ್ಟು ಜನ, ಕಾರ್ ರೇಸ್ ಹಾಕಿ ಎಂದು ಮೆಕ್ಯಾನಿಕಲ್ ಹುಡುಗರು. ಅವರು ಗೆದ್ದರು, ನಾನು ಸಿಟ್ಟಿನಲ್ಲೇ ನೋಡಲು ಕೂತೆ. ಬಿಳಿ ಬಣ್ಣದ ಎರಡು ಕಾರುಗಳು, ಮೈಮೇಲೆ ಜಾಹೀರಾತೇ ಇಲ್ಲ ಎನ್ನುವಷ್ಟು ಖಾಲಿ. ಆಸ್ಟ್ರೇಲಿಯಾದ ಆ ರೇಸಿನಲ್ಲಿ ಅವೇ ಮೊದಲನೆಯದು, ಎರಡನೆಯದು. ತಂಡದ ಹೆಸರು ಬ್ರಾನ್ ಜಿ.ಪಿ.

ಪಕ್ಕದ ಹುಡುಗ ಕತೆ ಹೇಳಿದ. ಬ್ರಾನ್ 2008ರಲ್ಲಿ ಹೋಂಡಾ ತಂಡಕ್ಕೆ ಮುಖ್ಯಸ್ಥರಾಗಿದ್ದರು. ಆ ವರ್ಷದ ಡಿಸೆಂಬರಿನಲ್ಲಿ, ಜಗತ್ತಿನ ಆರ್ಥಿಕ ಕುಸಿತದ ಹೊತ್ತಿನಲ್ಲಿ, ಹೋಂಡಾ ರೇಸಿನಿಂದಲೇ ಹೊರಗೆ ಹೋಗುವುದಾಗಿ ಹೇಳಿಬಿಟ್ಟಿತು. ಕಾರು ಅರ್ಧ ಆಗಿದೆ, ಇಂಜಿನ್ ಇಲ್ಲ, ನೂರಾರು ಜನರ ಕೆಲಸ ತೂಗುಯ್ಯಾಲೆಯಲ್ಲಿ. ಬ್ರಾನ್ ಮತ್ತು ಜೊತೆಗಾರರು ಒಂದು ಪೌಂಡ್ ಕೊಟ್ಟು ಆ ತಂಡವನ್ನೇ ಕೊಂಡರು. ಹೋಂಡಾ ಇಂಜಿನ್‌ಗೆಂದು ಮಾಡಿದ ಕಾರನ್ನು ಮಾರ್ಪಡಿಸಿ ಮರ್ಸಿಡಿಸ್ ಇಂಜಿನ್ ಕೂಡಿಸಿದರು. ಮೊದಲ ಏಳು ರೇಸುಗಳಲ್ಲಿ ಆರನ್ನು ಅವರ ಚಾಲಕ ಜೆನ್ಸನ್ ಬಟನ್ ಗೆದ್ದ. ಅಕ್ಟೋಬರಿನಲ್ಲಿ ಬ್ರೆಜಿಲ್‌ನಲ್ಲಿ ಅವನೂ ಚಾಂಪಿಯನ್, ತಂಡವೂ ಚಾಂಪಿಯನ್. ಒಂದೇ ವರ್ಷ ಇದ್ದ ತಂಡ, ಎರಡೂ ಪಟ್ಟ ಗೆದ್ದು ಮರ್ಸಿಡಿಸ್‌ಗೆ ಕೈ ಬದಲಾಯಿತು.

ಈ ಕತೆಯಲ್ಲಿ ಸಿನಿಮಾದ ಹಾಗೆ ಎಲ್ಲವೂ ಸುಖವಾಗಿರಲಿಲ್ಲ. ದುಡ್ಡಿಲ್ಲದೆ ನೂರಾರು ಜನರನ್ನು ಆ ವರ್ಷ ಕೆಲಸದಿಂದ ತೆಗೆಯಬೇಕಾಯಿತು. ಗೆದ್ದ ಕಾರನ್ನು ಕಟ್ಟಿದ ಎಷ್ಟೋ ಕೈಗಳು ಗೆದ್ದ ದಿನ ಅಲ್ಲಿರಲಿಲ್ಲ. ಇನ್ನೊಂದು ವಿಷಯ. ಆ ಕಾರಿನ ವೇಗಕ್ಕೆ ಒಂದು ಮುಖ್ಯ ಕಾರಣ ಅದರ ಹಿಂಭಾಗದಲ್ಲಿ ಗಾಳಿ ಹಾಯುವ ಜಾಗವನ್ನು ಹೊಸ ಬಗೆಯಲ್ಲಿ ಮಾಡಿದ್ದು. ಡಬಲ್ ಡಿಫ್ಯೂಸರ್ ಎನ್ನುತ್ತಾರೆ. ಆ ಯೋಚನೆ ಮೊದಲು ಹೊಳೆದದ್ದು ಬ್ರಾನ್‌ಗಲ್ಲ, ಹೋಂಡಾ ಬಳಗದ ಒಬ್ಬ ಜಪಾನಿ ಇಂಜಿನಿಯರಿಗೆ. ಹೆಸರು ಬಂದದ್ದು ಬ್ರಾನ್‌ಗೆ. ಹಾಗಾದರೆ ಮುಖ್ಯಸ್ಥನ ಕೆಲಸ ಏನು? ಎಲ್ಲೋ ಮೂಲೆಯಲ್ಲಿ ಕೂತ ಒಬ್ಬನ ಯೋಚನೆ ದಾರಿಯಲ್ಲಿ ಬಿದ್ದುಹೋಗದೆ ಕಾರಿನವರೆಗೂ ಬರುವಂತೆ ನೋಡಿಕೊಳ್ಳುವುದು. ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವುದು.

ಈಗ ಆ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಅವರ ಹೆಸರು ಜಾನ್ ವುಡನ್. 1910ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಹುಟ್ಟಿದವರು. ಒಳ್ಳೆಯ ಬಾಸ್ಕೆಟ್‌ಬಾಲ್ ಆಟಗಾರ. ಆದರೆ ಹೊಟ್ಟೆಪಾಡಿಗೆ ಆಯ್ದುಕೊಂಡದ್ದು ಹೈಸ್ಕೂಲು ಮೇಷ್ಟ್ರ ಕೆಲಸ. ತರಗತಿಯಲ್ಲಿ ಇಂಗ್ಲಿಷ್ ಪಾಠ, ಸಂಜೆ ಆಟ. 1948ರಲ್ಲಿ ಲಾಸ್ ಏಂಜಲೀಸಿನ ಯು.ಸಿ.ಎಲ್.ಎ. ವಿಶ್ವವಿದ್ಯಾಲಯಕ್ಕೆ ಕೋಚ್ ಆದರು. ಅಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು 1964ರಲ್ಲಿ, ಹದಿನಾರನೇ ವರ್ಷ! ಆಮೇಲೆ 1975ರವರೆಗಿನ ಹನ್ನೆರಡು ವರ್ಷಗಳಲ್ಲಿ ಹತ್ತು ಸಲ ರಾಷ್ಟ್ರೀಯ ಚಾಂಪಿಯನ್. ನಡುವೆ ಸತತ 88 ಪಂದ್ಯ ಗೆದ್ದರು. 2010ರಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯವರೆಗೂ ತಮ್ಮನ್ನು ಮೇಷ್ಟ್ರು ಎಂದೇ ತಿಳಿದಿದ್ದರು.

ಪ್ರತಿ ವರ್ಷ ಅಭ್ಯಾಸ ಶುರುವಾದಾಗ ಅವರ ಮೊದಲ ಪಾಠ ಏನು ಗೊತ್ತೇ? ಕಾಲುಚೀಲ ಹಾಕುವುದು ಹೇಗೆ, ಬೂಟಿನ ಲೇಸು ಕಟ್ಟುವುದು ಹೇಗೆ. ದೇಶದ ಅತ್ಯುತ್ತಮ ಆಟಗಾರರನ್ನು ಕೂರಿಸಿಕೊಂಡು ಇದನ್ನು ಕಲಿಸುತ್ತಿದ್ದರು. ಕಾಲುಚೀಲದಲ್ಲಿ ಸುಕ್ಕಿದ್ದರೆ ಬೊಬ್ಬೆ ಬರುತ್ತದೆ. ಬೊಬ್ಬೆ ಬಂದರೆ ಅಭ್ಯಾಸ ತಪ್ಪುತ್ತದೆ. ಅಭ್ಯಾಸ ತಪ್ಪಿದರೆ ಆಟ ಹೋಗುತ್ತದೆ. ಫೆರಾರಿಯ ನಾಲ್ಕನೇ ಟೈರನ್ನು ನೆನಪಿಸಿಕೊಳ್ಳಿ. ಅದೂ ಇದೇ ಜಾತಿಯ ವಿಷಯ.

ಅಭ್ಯಾಸದಲ್ಲಿ ಯಾವ ನಿಮಿಷಕ್ಕೆ ಏನು ಮಾಡಬೇಕೆಂದು ಸಣ್ಣ ಕಾರ್ಡಿನಲ್ಲಿ ಬರೆದುಕೊಂಡು ಬರುತ್ತಿದ್ದರು. ಆರಂಭದ ವರ್ಷಗಳಲ್ಲಿ ಅಂಗಳವನ್ನು ತಾವೇ ಗುಡಿಸಿ ಒರೆಸುತ್ತಿದ್ದರು. ಗೆಲ್ಲಬೇಕು ಎಂಬ ಮಾತನ್ನು ಹುಡುಗರ ಹತ್ತಿರ ಹೆಚ್ಚು ಆಡುತ್ತಿರಲಿಲ್ಲ. ನಿನ್ನ ಕೈಲಾದದ್ದನ್ನು ಪೂರ್ತಿ ಮಾಡಿದ್ದೀಯ ಎಂದು ನಿನಗೆ ಗೊತ್ತಿದ್ದರೆ, ಆ ನೆಮ್ಮದಿಯೇ ಯಶಸ್ಸು ಎನ್ನುವುದು ಅವರ ತಿಳಿವಳಿಕೆ.

ಅವರ ಇನ್ನೊಂದು ನಿಯಮ ನನಗೆ ಬಹಳ ಇಷ್ಟ. ಚೆಂಡನ್ನು ಬುಟ್ಟಿಗೆ ಹಾಕಿದವನು, ತನಗೆ ಆ ಚೆಂಡು ಕೊಟ್ಟವನ ಕಡೆ ನೋಡಿ ತಲೆಯಾಡಿಸಬೇಕು, ಇಲ್ಲವೇ ಬೆರಳು ತೋರಿಸಬೇಕು. ಚಪ್ಪಾಳೆ ಹೊಡೆಯುವ ಜನ ಚೆಂಡು ಹಾಕಿದವನನ್ನು ನೋಡುತ್ತಾರೆ. ಕೊಟ್ಟವನನ್ನು ನೋಡಬೇಕಾದವನು ಆ ಹಾಕಿದವನೇ. ಒಬ್ಬ ಹುಡುಗ, ಅವನು ನನ್ನ ಕಡೆ ನೋಡದೇ ಇದ್ದರೆ ಏನು ಮಾಡಲಿ ಎಂದು ಕೇಳಿದನಂತೆ. ಖಂಡಿತ ನೋಡುತ್ತಿರುತ್ತಾನೆ ಎಂದರಂತೆ ಮೇಷ್ಟ್ರು.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯಾಕೆಂದರೆ ನನಗೆ ಈ ಶಾಲೆಯ ಮೈದಾನ ನೆನಪಾಯಿತು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ರಿಲೇ ತಂಡ ಹೋಬಳಿ ಮಟ್ಟದಲ್ಲಿ ಗೆದ್ದು ತಾಲ್ಲೂಕಿಗೆ ಹೋಯಿತು. ನಾಲ್ಕು ಜನ, ತಲಾ ನೂರು ಮೀಟರ್. ನಾನು ಮೂರನೆಯವನು. ಕೊನೆಯವನು ನನ್ನ ಗೆಳೆಯ, ನಮ್ಮೆಲ್ಲರಿಗಿಂತ ವೇಗ ಅವನದು. ನಮ್ಮ ಪಿ.ಟಿ. ಮೇಷ್ಟ್ರು ಮೈದಾನಕ್ಕೆ ತಾವೇ ಸುಣ್ಣದ ಗೆರೆ ಹಾಕಿ, ಮೂರು ವಾರ ನಮ್ಮಿಂದ ಓಡಿಸಿದ್ದಕ್ಕಿಂತ ಹೆಚ್ಚಾಗಿ ಕೋಲು ಕೊಡಿಸಿದರು, ಕೋಲು ಹಿಡಿಸಿದರು. ನಡೆಯುತ್ತಾ ಕೊಡಿ, ಜಾಗಿಂಗ್ ಮಾಡುತ್ತಾ ಕೊಡಿ, ಕಣ್ಣು ಮುಚ್ಚಿ ಕೊಡಿ. ನಮಗೆ ಬೇಜಾರು. ಕೋಲು ಕೊಡುವುದನ್ನೂ ಕಲಿಯಬೇಕೇ ಎಂದು ನಗುತ್ತಿದ್ದೆವು. ಕೊನೆಯ ಎರಡು ದಿನ ನಾವಿಬ್ಬರೂ ಅಭ್ಯಾಸ ತಪ್ಪಿಸಿ ಕೆರೆಯಲ್ಲಿ ಈಜಲು ಹೋದೆವು.

ತಾಲ್ಲೂಕಿನ ಓಟದಲ್ಲಿ ನಾನು ಬಂದಾಗ ನಾವೇ ಮುಂದಿದ್ದೆವು. ಅವನು ಕೈ ಹಿಂದೆ ಚಾಚಿದ. ನಾನು ಕೋಲು ಕೊಟ್ಟೆ, ಅವನ ಬೆರಳು ಮುಚ್ಚುವ ಮೊದಲೇ ಕೈ ಬಿಟ್ಟೆ. ಅದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಕೋಲು ಮಣ್ಣಿಗೆ ಬಿತ್ತು. ಎತ್ತಿಕೊಂಡು ಓಡುವಷ್ಟರಲ್ಲಿ ಎಲ್ಲರೂ ಮುಂದೆ ಹೋಗಿದ್ದರು.

ಶಾಲೆಯವರೆಲ್ಲ ಸುತ್ತ ಸೇರಿದರು. ಯಾರೋ ಏನಾಯಿತೋ ಎಂದು ಕೇಳಿದರು. ನಾನು ಹೇಳಿದೆ: "ಅವನು ಸರಿಯಾಗಿ ಹಿಡೀಲಿಲ್ಲ." ಅವನು ನನ್ನ ಮುಖ ನೋಡಿದ, ಒಂದು ಮಾತೂ ಆಡಲಿಲ್ಲ. ಮಾರನೇ ದಿನದಿಂದ ಅವನಿಗೆ ತೂತು ಕೈ ಎಂದು ಹೆಸರು ಬಿತ್ತು. ಹತ್ತನೇ ತರಗತಿಯಲ್ಲಿ ಅವನು ಓಟಕ್ಕೆ ಹೆಸರು ಕೊಡಲೇ ಇಲ್ಲ.

ಪಿ.ಟಿ. ಮೇಷ್ಟ್ರು ಆ ದಿನ ಯಾರನ್ನೂ ಬೈಯಲಿಲ್ಲ. ಕೋಲು ಎತ್ತಿ ಪಂಚೆಯಂಚಿನಿಂದ ಮಣ್ಣು ಒರೆಸಿ ಇಷ್ಟೇ ಹೇಳಿದರು: "ಕೋಲು ಒಬ್ಬನ ಕೈಯಿಂದ ಬೀಳಲ್ಲ ಕಣ್ರೋ. ಎರಡು ಕೈ ಮಧ್ಯದಿಂದ ಬೀಳುತ್ತೆ."

ಅದು ನನಗೆ ಅರ್ಥವಾಗಲಿಲ್ಲ ಎನ್ನುವುದಕ್ಕೆ ಸಾಕ್ಷಿ ಕೆಲವು ವರ್ಷಗಳ ಹಿಂದೆ ನಡೆದ ಘಟನೆ. ನಾನು ಕೆಲಸ ಮಾಡುತ್ತಿದ್ದ ಕಡೆ ರಾತ್ರಿ ಹೊಸ ಸಾಫ್ಟ್‌ವೇರ್ ಹಾಕುವ ಕೆಲಸ ಇತ್ತು. ನನ್ನ ಪಾಳಿ ಮುಗಿಯಿತು, ಮುಂದಿನ ಪಾಳಿಗೆ ಹೊಸ ಹುಡುಗ ಬಂದ. ಒಂದು ಸೆಟ್ಟಿಂಗ್ ಬದಲಾಯಿಸಬೇಕೆಂದು ಅವನಿಗೆ ಹೇಳಬೇಕಿತ್ತು. ಕ್ಯಾಬ್ ಕಾಯುತ್ತಿತ್ತು, ಹೇಳದೆ ಹೊರಟೆ. ಬೆಳಗಿನ ಜಾವ ಎರಡು ಗಂಟೆ ಕಾಲ ಇಡೀ ವ್ಯವಸ್ಥೆ ನಿಂತುಹೋಯಿತು. ಮೀಟಿಂಗಿನಲ್ಲಿ ಆ ಹೊತ್ತಿನಲ್ಲಿ ಯಾರಿದ್ದರು ಎಂದು ಕೇಳಿದರು. ಎಲ್ಲರೂ ಆ ಹುಡುಗನ ಕಡೆ ನೋಡಿದರು. ನಾನು ಸುಮ್ಮನಿದ್ದೆ. ಸುಮ್ಮನಿರುವುದೂ "ಅವನು ಸರಿಯಾಗಿ ಹಿಡೀಲಿಲ್ಲ" ಎಂದು ಹೇಳಿದ ಹಾಗೆಯೇ.

ಒಂಬತ್ತು ದಿನ ಆದ ಮೇಲೆ ತಡೆಯಲಾರದೆ ಮೇಲಿನವರ ಹತ್ತಿರ ಹೋಗಿ ನಿಜ ಹೇಳಿದೆ. ಅವರು ಕೂಗಾಡಲಿಲ್ಲ. ಪಾಳಿ ಬದಲಾಗುವಾಗ ಏನೇನು ಹೇಳಬೇಕೆಂದು ಒಂದು ಪಟ್ಟಿ ಮಾಡಿಸಿದರು, ಅದನ್ನು ನನ್ನಿಂದಲೇ ಬರೆಸಿದರು. ಹುಡುಗನ ಮುಂದೆ, ತಂಡದ ಮುಂದೆ ತಪ್ಪು ಒಪ್ಪಿಕೊಂಡೆ. ಅವನು ಪರವಾಗಿಲ್ಲ ಸಾರ್ ಎಂದ. ಆದರೆ ಆಮೇಲೆ ತಿಂಗಳುಗಟ್ಟಲೆ ಅವನು ನನ್ನ ಹತ್ತಿರ ಒಂದು ಅನುಮಾನವನ್ನೂ ಕೇಳಲಿಲ್ಲ. ಏನಾದರೂ ತಪ್ಪಾದರೆ ಮೊದಲು ತನ್ನನ್ನು ಹೇಗೆ ಕಾಪಾಡಿಕೊಳ್ಳಲಿ ಎಂದು ನೋಡುತ್ತಿದ್ದ. ದೂರುವ ಜಾಗದಲ್ಲಿ ಜನ ತಪ್ಪು ಮಾಡುವುದನ್ನು ನಿಲ್ಲಿಸುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತಾರೆ. ಇದು ಮನೆಗೂ ನಿಜ, ತರಗತಿಗೂ ನಿಜ.

ಈ ಕೈ ಬದಲಾಗುವ ಹೊತ್ತು ಎಷ್ಟು ಮುಖ್ಯ ಎನ್ನುವುದಕ್ಕೆ ಒಂದು ನಿಜ ಸಂಗತಿ ಹೇಳುತ್ತೇನೆ. ಲಂಡನ್ನಿನಲ್ಲಿ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಎಂಬ ಮಕ್ಕಳ ದೊಡ್ಡ ಆಸ್ಪತ್ರೆ ಇದೆ. ಅಲ್ಲಿ ಪುಟ್ಟ ಮಕ್ಕಳ ಹೃದಯದ ಆಪರೇಷನ್ ಮುಗಿದ ಮೇಲೆ ಮಗುವನ್ನು ತೀವ್ರ ನಿಗಾ ಘಟಕಕ್ಕೆ ಒಯ್ಯುತ್ತಾರೆ. ಆಪರೇಷನ್ ಚೆನ್ನಾಗಿಯೇ ಆಗಿರುತ್ತದೆ. ಆದರೆ ಈ ತಂಡದಿಂದ ಆ ತಂಡಕ್ಕೆ ಮಗುವನ್ನು ಒಪ್ಪಿಸುವಾಗ ಎಡವಟ್ಟುಗಳಾಗುತ್ತಿದ್ದವು. ವೈದ್ಯರು ಟಿ.ವಿ.ಯಲ್ಲಿ ಫಾರ್ಮುಲಾ ಒನ್ ಪಿಟ್ ಸ್ಟಾಪ್ ನೋಡಿ, ನಮ್ಮ ಕೆಲಸವೂ ಇದೇ ಅಲ್ಲವೇ ಅಂದುಕೊಂಡರು. ಫೆರಾರಿ ತಂಡದವರನ್ನು ಕೇಳಿದರು. ಯಾರು ಮುಂದಾಳು ಎಂಬುದು ಎಲ್ಲರಿಗೂ ಗೊತ್ತಿರಬೇಕು, ಪ್ರತಿಯೊಬ್ಬನಿಗೂ ಒಂದು ಕೆಲಸ, ಒಂದು ಜಾಗ ಇರಬೇಕು, ಪಟ್ಟಿ ಇಟ್ಟುಕೊಂಡು ಹೇಳಬೇಕು. ಹೀಗೆ ಬದಲಿಸಿದ ಮೇಲೆ ತಪ್ಪುಗಳು ಕಡಿಮೆಯಾದವು. 2007ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವೂ ಆಯಿತು. ಕಾರಿನ ಚಕ್ರ ಬದಲಿಸುವವರಿಂದ ಮಕ್ಕಳ ಜೀವ ಕಾಯುವವರು ಕಲಿತರು. ಕಲಿಯುವುದಕ್ಕೆ ಅವರಿಗೆ ಡಾಕ್ಟರ್ ಎಂಬ ಬಿರುದು ಅಡ್ಡ ಬರಲಿಲ್ಲ.

ಆತ್ಮೀಯರೇ, ಶಾಲೆ ಎಂದರೂ ಇದೇ. ಐವತ್ತು ವರ್ಷದಿಂದ ಇಲ್ಲಿ ಕೋಲು ಕೈ ಬದಲಾಗುತ್ತಿದೆ. ಏಳನೇ ತರಗತಿ ಮುಗಿಸಿ ಬಂದ ಮಗುವನ್ನು ಪ್ರಾಥಮಿಕ ಶಾಲೆಯ ಮೇಷ್ಟ್ರು ಇವರ ಕೈಗೆ ಕೊಡುತ್ತಾರೆ. ಇವರು ಹತ್ತನೆಯದು ಮುಗಿಸಿ ಕಾಲೇಜಿಗೆ, ಐ.ಟಿ.ಐ.ಗೆ ಕೊಡುತ್ತಾರೆ. ಮಗು ಓದಿನಿಂದ ಕಳಚಿಹೋಗುವುದು ಹೆಚ್ಚಾಗಿ ಈ ಎರಡು ಕೈಗಳ ನಡುವೆಯೇ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನದಿಂದ ಮುಂದಿನ ಅರ್ಜಿ ಹಾಕುವ ದಿನದವರೆಗಿನ ಕೆಲವು ವಾರ. ಆಗ ಯಾವ ಕೋರ್ಸು, ಎಲ್ಲಿ ಹಾಸ್ಟೆಲು, ಯಾವ ವಿದ್ಯಾರ್ಥಿವೇತನ ಎಂದು ಹೇಳುವವರಿಲ್ಲದೆ ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಹಳೆಯ ವಿದ್ಯಾರ್ಥಿಗಳು ಕಟ್ಟಡಕ್ಕೆ ದೇಣಿಗೆ ಕೊಟ್ಟಿದ್ದೇವೆ, ಸಂತೋಷ. ಅದರ ಜೊತೆಗೆ ಆ ಕೆಲವು ವಾರಗಳನ್ನು ನಾವು ನೋಡಿಕೊಳ್ಳೋಣ. ಒಬ್ಬೊಬ್ಬರು ಇಬ್ಬರು ಮಕ್ಕಳ ಜವಾಬ್ದಾರಿ ತೆಗೆದುಕೊಂಡು, ಆ ಮಗು ಮುಂದಿನ ತರಗತಿಯಲ್ಲಿ ಕೂರುವವರೆಗೂ ಕೈ ಬಿಡದೆ ಇರೋಣ. ನನ್ನ ಹೆಸರನ್ನು ಇವತ್ತೇ ಬರೆದುಕೊಳ್ಳಿ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ನಮ್ಮ ರಿಲೇಯ ಆ ಕೊನೆಯ ಓಟಗಾರ ಐ.ಟಿ.ಐ. ಮಾಡಿ, ಈಗ ನಮ್ಮ ಬಸ್ ಸ್ಟ್ಯಾಂಡ್ ಹತ್ತಿರ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಒಂದು ಲೇತ್ ಇದೆ, ನಾಲ್ಕು ಹುಡುಗರು ಕೆಲಸ ಕಲಿಯುತ್ತಿದ್ದಾರೆ. ಈ ಸುತ್ತಿನ ಹಳ್ಳಿಗಳಲ್ಲಿ ಬಿತ್ತನೆ ಕಾಲದಲ್ಲಿ ಟ್ರ್ಯಾಕ್ಟರ್ ನಿಂತರೆ ಮೊದಲು ಫೋನ್ ಹೋಗುವುದು ಅವನಿಗೇ. ನಿನ್ನೆ ಸಂಜೆ ಅವನ ಅಂಗಡಿಗೆ ಹೋಗಿದ್ದೆ. ನಾಳೆ ಎಲ್ಲರ ಮುಂದೆ ಆ ವಿಷಯ ಹೇಳುತ್ತೇನೆ, ಕೋಲು ಬಿಟ್ಟವನು ನಾನು, ಇಪ್ಪತ್ತು ವರ್ಷದಿಂದ ಹೇಳಲಿಲ್ಲ, ತಪ್ಪಾಯ್ತು ಎಂದೆ.

ಅವನು ಗ್ರೀಸ್ ಕೈಯನ್ನು ಬಟ್ಟೆಯಲ್ಲಿ ಒರೆಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ನೀನು ಬೇಗ ಬಿಟ್ಟೆ, ಅದು ನನಗೆ ಅವತ್ತೇ ಗೊತ್ತು. ಆದರೆ ನಾನೂ ಅರ್ಧ ಹೆಜ್ಜೆ ಮುಂಚೆ ಹೊರಟಿದ್ದೆ ಕಣೋ. ಅದನ್ನ ನಾನೂ ಯಾರಿಗೂ ಹೇಳಿಲ್ಲ."

ಇಪ್ಪತ್ತು ವರ್ಷ ಇಬ್ಬರೂ ಅರ್ಧರ್ಧ ತಪ್ಪನ್ನು ಬೇರೆ ಬೇರೆಯಾಗಿ ಹೊತ್ತುಕೊಂಡಿದ್ದೆವು. ಮೇಷ್ಟ್ರಿಗೆ ಮಾತ್ರ ಅವತ್ತೇ ಗೊತ್ತಿತ್ತು.

ಮೇಷ್ಟ್ರು ಇವತ್ತು ಮೊದಲ ಸಾಲಿನಲ್ಲಿ ಕೂತಿದ್ದಾರೆ. ನನ್ನ ಗೆಳೆಯ ಎಂದಿನಂತೆ ಹಿಂದೆ, ಬೇವಿನ ಮರದ ಕೆಳಗೆ ನಿಂತಿದ್ದಾನೆ. ವುಡನ್ ಮೇಷ್ಟ್ರ ನಿಯಮದ ಪ್ರಕಾರ ನಾನು ಈಗ ಅವನ ಕಡೆ ಬೆರಳು ತೋರಿಸಬೇಕು. ತೋರಿಸುತ್ತಿದ್ದೇನೆ. ಚಪ್ಪಾಳೆ ಹೊಡೆಯುವುದಿದ್ದರೆ ದಯವಿಟ್ಟು ಆ ಕಡೆ ತಿರುಗಿ ಹೊಡೆಯಿರಿ.

ಮಕ್ಕಳೇ, ಅವನ ಅಂಗಡಿಗೆ ಶನಿವಾರ ಮಧ್ಯಾಹ್ನ ಯಾರು ಬೇಕಾದರೂ ಬಂದು ಲೇತ್ ನೋಡಬಹುದು ಎಂದು ಹೇಳಿದ್ದಾನೆ. ಹೋಗಿ. ರಾಸ್ ಬ್ರಾನ್ ಶುರು ಮಾಡಿದ್ದೂ ಅಂಥ ಮಷೀನಿನ ಮುಂದೆಯೇ.